ಹೊಂಡದ ಬೇಲಿ: ಸಾವಿಗೆ ಮೊದಲೇ ಬಳಸಬಹುದಾದ ಕಾನೂನು

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ದಿಬ್ಬೂರಹಳ್ಳಿ ಕಡೆಯ ರೈತನಿಗೆ ನೀರೆಂದರೆ ಕೊಳವೆಬಾವಿ, ಅದೂ ಸಾವಿರ ಅಡಿ ದಾಟಿದ ಮೇಲೆ ಸಿಕ್ಕಷ್ಟು. ತ್ರೀಫೇಸ್ ಕರೆಂಟು ಇರುವಷ್ಟು ಹೊತ್ತು ಎತ್ತಿದ ನೀರನ್ನು ಎಲ್ಲಾದರೂ ಕೂಡಿಟ್ಟುಕೊಳ್ಳಬೇಕು. ಆಮೇಲೆ ಹಿಪ್ಪುನೇರಳೆಗೋ ದ್ರಾಕ್ಷಿಗೋ ಟೊಮೆಟೊಗೋ ಡ್ರಿಪ್ಪಿನಲ್ಲಿ ಬಿಡಬೇಕು. 2014-15ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಮಳೆನೀರಿಗೂ ಇದೇ ಲೆಕ್ಕ: ಹೊಲದ ಮೂಲೆಯಲ್ಲಿ ಒಂದು ಹೊಂಡ, ಅದರೊಳಗೆ ಪಾಲಿಥೀನ್ ಹಾಳೆ. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಎಲ್ಲಿ ಹೋದರೂ ಈಗ ಈ ಹೊಂಡಗಳೇ ನಮ್ಮ ಈಜುಕೊಳಗಳು. ಆದರೆ ಈಜಲೆಂದು ತೋಡಿದವಲ್ಲ, ನಮ್ಮ ಮಕ್ಕಳಿಗೆ ಈಜೂ ಬರುವುದಿಲ್ಲ. ಕೆರೆಗಳು ಬತ್ತಿದ ವರ್ಷಗಳಲ್ಲಿ ಬೆಳೆದ ಮಕ್ಕಳು ಈಜು ಕಲಿಯುವುದಾದರೂ ಎಲ್ಲಿ? ಬೆಂಗಳೂರಿನಿಂದ ಬರುವ ಎಚ್.ಎನ್. ವ್ಯಾಲಿ ಯೋಜನೆಯ ನೀರು ಬಂದು ಕೆಲವು ಕೆರೆಗಳು ತುಂಬಿವೆ. ನೀರು ಬಂತು, ಈಜು ಬರಲಿಲ್ಲ.

ಕೃಷಿ ಹೊಂಡದ ಆಳ ಸಾಮಾನ್ಯವಾಗಿ 3 ಮೀಟರ್, ಅಂದರೆ ಹತ್ತು ಅಡಿಯ ಹತ್ತಿರ. ಅಗಲ 10 ಮೀಟರಿನಿಂದ 21 ಮೀಟರಿನವರೆಗೆ. ಆಳಕ್ಕಿಂತ ಅಪಾಯ ಇರುವುದು ಹಾಳೆಯಲ್ಲಿ. ಬಾವಿಯಲ್ಲಿ ಹಿಡಿಯಲು ಕಲ್ಲಿನ ಸಂದಿ ಇತ್ತು, ಕಲ್ಯಾಣಿಯಲ್ಲಿ ಮೆಟ್ಟಿಲಿತ್ತು. ಹೊಂಡದ ಇಳಿಜಾರಿನಲ್ಲಿ ಪಾಚಿ ಕಟ್ಟಿದ ಪ್ಲಾಸ್ಟಿಕ್ ಬಿಟ್ಟರೆ ಬೇರೇನೂ ಇಲ್ಲ. ಕಾಲು ಜಾರಿದ ಮಗು ಮಾತ್ರವಲ್ಲ, ಎತ್ತಲು ಇಳಿದ ದೊಡ್ಡವರೂ ಹತ್ತಲಾರರು. ಒಂದೇ ಹೊಂಡದಲ್ಲಿ ಮಗುವಿನ ಜತೆ ತಾಯಿಯೋ ಅಣ್ಣನೋ ಹೋಗುವುದು ಇದರಿಂದಲೇ.

ಇಂಥ ಸಾವಾದಾಗ ಊರಲ್ಲಿ ಎರಡು ಮಾತು ಕೇಳುತ್ತೇವೆ. ಹೊಂಡದವರು, "ನಮ್ಮ ಜಮೀನು, ನಮ್ಮ ಹೊಂಡ. ಹುಡುಗರು ಯಾಕೆ ಬರಬೇಕಿತ್ತು?" ಎನ್ನುತ್ತಾರೆ. ಕಳೆದುಕೊಂಡವರು, "ಹಣೆಬರಹ, ಯಾರನ್ನ ಅಂದು ಏನ್ಮಾಡೋದು" ಎಂದು ಸುಮ್ಮನಾಗುತ್ತಾರೆ. ಕಾನೂನು ಈ ಎರಡನ್ನೂ ಒಪ್ಪುವುದಿಲ್ಲ. ಮಕ್ಕಳನ್ನು ಸೆಳೆಯುವ ಅಪಾಯದ ವಸ್ತುವನ್ನು ಇಟ್ಟುಕೊಂಡವರು, ಮಕ್ಕಳು ಬಂದೇ ಬರುತ್ತಾರೆ ಎಂದು ಎಣಿಸಿ ಎಚ್ಚರ ವಹಿಸಬೇಕು. "ಅಪಾಯ, ಪ್ರವೇಶವಿಲ್ಲ" ಎಂಬ ಬೋರ್ಡು ನೆಟ್ಟರೆ ಮುಗಿಯಿತು ಎನ್ನುವವರೂ ಇದ್ದಾರೆ. ನಾಲ್ಕು ವರ್ಷದ ಮಗು ಬೋರ್ಡು ಓದುವುದಿಲ್ಲ, ಕನ್ನಡದಲ್ಲಿ ಬರೆದರೂ ಅಷ್ಟೆ, ತೆಲುಗಿನಲ್ಲಿ ಬರೆದರೂ ಅಷ್ಟೆ.

ಬೇಲಿಗೆ ದುಡ್ಡಿಲ್ಲ ಎನ್ನುವವರು ಗಮನಿಸಬೇಕಾದ ಸಂಗತಿ, ಕೃಷಿ ಭಾಗ್ಯದ ಪ್ಯಾಕೇಜಿನಲ್ಲಿ ಹೊಂಡದ ಸುತ್ತ ತಂತಿಬೇಲಿಯೂ ಸಹಾಯಧನ ಸಿಗುವ ಒಂದು ಬಾಬ್ತು. ಹೊಂಡ, ಹಾಳೆ, ಪಂಪ್‌ಸೆಟ್, ತುಂತುರು ನೀರಾವರಿ ಇವುಗಳ ಜತೆಗೇ ಅದಕ್ಕೂ ಅರ್ಜಿ ಹಾಕಬಹುದು. ಸಹಾಯಧನದ ಪ್ರಮಾಣವನ್ನು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಹೆಚ್ಚಿನ ದರವಿದೆ. ಬಿಲ್ಲಿಗೆ ಬೇಕಾದ ಫೋಟೊ ತೆಗೆಸಿ, ಆಮೇಲೆ ತಂತಿ ಬಿಚ್ಚಿ ಬದುವಿಗೆ ಕಟ್ಟಿಕೊಳ್ಳುವ ಜಾಣತನ ಮಾತ್ರ ಬೇಡ. ನಾಳೆ ಅಲ್ಲೊಂದು ಸಾವಾದರೆ ಇಲಾಖೆಯ ಕಡತದಲ್ಲಿರುವ ಅದೇ ಫೋಟೊ ನಿಮ್ಮ ವಿರುದ್ಧದ ಸಾಕ್ಷಿ.

ಬೇಲಿ ಹೇಗಿರಬೇಕು ಎಂಬುದಕ್ಕೆ ಅಮೆರಿಕದ ಅರಿಜೋನ ರಾಜ್ಯದ ಕಡೆ ನೋಡೋಣ. ಮರುಭೂಮಿಯ ನಾಡು, ಮನೆಮನೆಗೂ ಈಜುಕೊಳ. ಆರು ವರ್ಷದೊಳಗಿನ ಮಗು ಇರುವ ಮನೆಯ ಕೊಳಕ್ಕೆ ಅಲ್ಲಿನ ಕಾನೂನು ಅಳತೆಗಳನ್ನೇ ಬರೆದಿಟ್ಟಿದೆ. ಬೇಲಿ ಕನಿಷ್ಠ 5 ಅಡಿ ಎತ್ತರ. 4 ಅಂಗುಲದ ಚೆಂಡು ತೂರುವಷ್ಟು ಸಂದಿಯೂ ಇರಬಾರದು. ಜಾಲರಿಯಾದರೆ ಕಣ್ಣು ಒಂದೂಮುಕ್ಕಾಲು ಅಂಗುಲ ಮೀರಬಾರದು, ಮೀರಿದರೆ ಪುಟ್ಟ ಕಾಲು ಅದರಲ್ಲೇ ಮೆಟ್ಟಿಲು ಹುಡುಕಿಕೊಳ್ಳುತ್ತದೆ. ಗೇಟು ತಾನಾಗಿಯೇ ಮುಚ್ಚಿಕೊಳ್ಳಬೇಕು, ನೀರಿನ ಕಡೆಗಲ್ಲದೆ ಹೊರಕ್ಕೆ ತೆರೆಯಬೇಕು, ಚಿಲಕ ನಾಲ್ಕೂವರೆ ಅಡಿ ಎತ್ತರದಲ್ಲಿರಬೇಕು. ಹೊರಕ್ಕೆ ತೆರೆಯುವ ಗೇಟನ್ನು ಮಗು ತಳ್ಳಿದರೆ ಅದು ಇನ್ನಷ್ಟು ಮುಚ್ಚಿಕೊಳ್ಳುತ್ತದೆಯೇ ಹೊರತು ತೆರೆಯುವುದಿಲ್ಲ. ಈ ಅಳತೆಗಳಿಗೆ ನಮ್ಮಲ್ಲಿ ಕಾನೂನಿನ ಬಲವಿಲ್ಲ, ಆದರೆ ಶಿಡ್ಲಘಟ್ಟದ ಮಗುವಿನ ಪಾದವೂ ಅಷ್ಟೇ ಚಿಕ್ಕದು.

ನಮ್ಮ ಬಿಸಿಲಿಗೆ ತಕ್ಕ ಸಾಮಾನು ನಮ್ಮಲ್ಲೇ ಇದೆ. ದ್ರಾಕ್ಷಿ ಚಪ್ಪರಕ್ಕೆ ನೆಡುವ ಕಲ್ಲುಕೂಚಗಳಿಗೆ ತುಕ್ಕಿಲ್ಲ, ಗೆದ್ದಲಿಲ್ಲ. ಹಸಿರು ನೆರಳು ಪರದೆ ಕಟ್ಟಿ ಬೇಲಿ ಎಂದುಕೊಂಡರೆ ಕೆಲವೇ ಬೇಸಿಗೆಗೆ ಅದು ಪುಡಿಯಾಗಿ ಉದುರುತ್ತದೆ. ನೈಲಾನ್ ಹಗ್ಗದ ಗತಿಯೂ ಅದೇ. ನಾಲ್ಕು ಸಾಲು ಮುಳ್ಳುತಂತಿ ದನ ತಡೆದೀತು, ತಂತಿಗಳ ನಡುವೆ ತೂರುವ ಹುಡುಗನನ್ನು ತಡೆಯುವುದಿಲ್ಲ. ಕಲ್ಲುಕೂಚಕ್ಕೆ ಗ್ಯಾಲ್ವನೈಸ್ಡ್ ಚೈನ್‌ಲಿಂಕ್ ಜಾಲರಿ ಬಿಗಿಯುವುದೇ ಸರಿ. ಕೂಚವನ್ನು ಹೊಂಡದಿಂದ ತೆಗೆದ ಸಡಿಲ ಮಣ್ಣಿನ ಏರಿಯ ಮೇಲೆ ನೆಡಬೇಡಿ, ಮೊದಲ ಜೋರು ಮಳೆಗೆ ಏರಿ ಕುಸಿದು ಬೇಲಿ ವಾಲುತ್ತದೆ. ಏರಿಯಾಚೆ ಗಟ್ಟಿ ನೆಲದಲ್ಲಿ ನೆಡಿ. ಬೇಲಿಗೆ ಒರಗಿಸಿ ಪೈಪು, ಕಲ್ಲುಗುಡ್ಡೆ, ಕ್ರೇಟು ಇಡಬೇಡಿ. ಒಳಗೆ ನಾಲ್ಕು ಕಡೆಯೂ ಗಂಟು ಹಾಕಿದ ಗಟ್ಟಿ ಹಗ್ಗಕ್ಕೆ ಹಳೇ ಟೈರು ಕಟ್ಟಿ ಇಳಿಬಿಡಿ. ಬೇಲಿ ಸೋತ ದಿನ ಕೈಗೆ ಸಿಗುವುದು ಅದೊಂದೇ.

ಬೇಲಿಗೆ ಕರೆಂಟು ಕೊಡುವವರಿಗೆ ಒಂದು ಮಾತು. ಪಂಪು, ಕೇಬಲ್ಲು ಕಳ್ಳತನವಾಗುತ್ತದೆಂದು ಲೈನಿನಿಂದ ನೇರ ತಂತಿ ಎಳೆದು ಬೇಲಿಗೆ ಹಾಯಿಸುವುದು ಅಪರಾಧ. ಯಾರಾದರೂ ಸತ್ತರೆ ಅದನ್ನು ಬರೀ ನಿರ್ಲಕ್ಷ್ಯ ಎಂದು ನೋಡದೆ ಇನ್ನೂ ಗಂಭೀರ ಆರೋಪ ಹೊರಿಸಬಹುದು.

ಇನ್ನು ಈ ಲೇಖನದ ಮುಖ್ಯ ವಿಷಯ. ಪಕ್ಕದವರ ಹೊಂಡ ದಾರಿಯಂಚಿಗೇ ಇದೆ, ಬೇಲಿಯಿಲ್ಲ, ಹೇಳಿದರೆ ಕೇಳುವುದಿಲ್ಲ. ಆಗೇನು ಮಾಡಬೇಕು? ಹೆಚ್ಚಿನವರು ಜಗಳ ಮಾಡಿ ಸುಮ್ಮನಾಗುತ್ತಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಇಂಥದ್ದಕ್ಕೇ ಇದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದೇ 133ನೇ ಕಲಂ ಆಗಿತ್ತು. ಸಾರ್ವಜನಿಕ ದಾರಿ ಅಥವಾ ಸ್ಥಳಕ್ಕೆ ಹೊಂದಿಕೊಂಡ ಕೆರೆ, ಬಾವಿ, ತೋಡಿದ ಗುಂಡಿಗೆ ಜನರಿಗೆ ಅಪಾಯವಾಗದಂತೆ ಬೇಲಿ ಹಾಕಬೇಕೆಂದು ಮ್ಯಾಜಿಸ್ಟ್ರೇಟರು ಅದರ ಮಾಲೀಕರಿಗೆ ಆದೇಶಿಸಬಹುದು ಎಂದು ಅದರ (ಇ) ಖಂಡದಲ್ಲಿ ಬಿಡಿಸಿ ಬರೆದಿದೆ. ಯಾರೂ ಸಾಯುವವರೆಗೆ ಕಾಯಬೇಕಿಲ್ಲ. ಸತ್ತ ಮೇಲಿನ ಕಲಮುಗಳು ಎಲ್ಲರಿಗೂ ಗೊತ್ತು, ಸಾಯುವ ಮೊದಲಿನ ಈ ಕಲಮನ್ನು ಬಳಸುವವರೇ ಅಪರೂಪ.

ಅರ್ಜಿ ಕೊಡಬೇಕಾದದ್ದು ಉಪವಿಭಾಗ ದಂಡಾಧಿಕಾರಿಗಳಿಗೆ, ಅಂದರೆ ನಾವು ಎ.ಸಿ. ಸಾಹೇಬರು ಎನ್ನುವ ಉಪವಿಭಾಗಾಧಿಕಾರಿಗೆ. ಪ್ರತಿಯನ್ನು ತಹಶೀಲ್ದಾರರಿಗೆ, ಪೊಲೀಸ್ ಠಾಣೆಗೆ, ಗ್ರಾಮ ಪಂಚಾಯಿತಿ ಪಿಡಿಒಗೆ ಕೊಡಿ. ಪೊಲೀಸ್ ವರದಿಯ ಮೇಲೆ ಮಾತ್ರವಲ್ಲ, ಬೇರೆ ಯಾವುದೇ ಮಾಹಿತಿಯ ಮೇಲೂ ದಂಡಾಧಿಕಾರಿ ಕ್ರಮ ಕೈಗೊಳ್ಳಬಹುದು, ಹಾಗಾಗಿ ನಿಮ್ಮ ಅರ್ಜಿಯೇ ಸಾಕು. ಬಿಳಿ ಹಾಳೆಯಲ್ಲಿ ಸರ್ವೆ ನಂಬರು, ಹೊಂಡದ ಅಂದಾಜು ಅಳತೆ, ದಾರಿಯಿಂದ ಎಷ್ಟು ಅಡಿ ದೂರ, ಆ ದಾರಿಯಲ್ಲಿ ಶಾಲೆಗೋ ಅಂಗನವಾಡಿಗೋ ಮಕ್ಕಳು ಓಡಾಡುತ್ತಾರೆಯೇ ಇಷ್ಟನ್ನು ಬರೆದು ಫೋಟೊ ಲಗತ್ತಿಸಿ. ನಾಲ್ಕೈದು ಮನೆಯವರು ಸಹಿ ಹಾಕಿದರೆ ಒಳ್ಳೆಯದು, ಇದು ಒಬ್ಬರ ಹಗೆಯಲ್ಲ ಊರಿನ ದೂರು ಎಂಬುದು ಕಾಣುತ್ತದೆ. ಟಪಾಲಿನಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಅಧಿಕಾರಿಗೆ ಸರಿಯೆನಿಸಿದರೆ ಷರತ್ತಿನ ಆದೇಶ ಹೊರಡಿಸುತ್ತಾರೆ: ಇಷ್ಟು ದಿನದೊಳಗೆ ಬೇಲಿ ಹಾಕಿ, ಇಲ್ಲವೇ ಬಂದು ಕಾರಣ ಹೇಳಿ. ಮಾಲೀಕರು ತಕರಾರು ತೆಗೆದರೆ ವಿಚಾರಣೆ 90 ದಿನದಲ್ಲಿ ಮುಗಿಯಬೇಕು, ಕಾರಣ ಬರೆದಿಟ್ಟು 120 ದಿನಕ್ಕೆ ವಿಸ್ತರಿಸಬಹುದು. ಈ ಗಡುವು ಹೊಸ ಸಂಹಿತೆಯಲ್ಲಿ ಸೇರಿದ್ದು. ತಕ್ಷಣದ ಗಂಭೀರ ಅಪಾಯವಿದ್ದರೆ ವಿಚಾರಣೆ ಮುಗಿಯುವ ಮುನ್ನವೇ ತಡೆಯುವ ಅಧಿಕಾರ 161ನೇ ಕಲಮಿನಲ್ಲಿದೆ. ಆದೇಶ ಕಾಯಂ ಆದ ಮೇಲೂ ಬೇಲಿ ಹಾಕದಿದ್ದರೆ ದಂಡಾಧಿಕಾರಿಯೇ ಹಾಕಿಸಿ ಖರ್ಚನ್ನು ಮಾಲೀಕರಿಂದ ವಸೂಲು ಮಾಡಬಹುದು. ಆದೇಶ ಮೀರಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 223ನೇ ಕಲಮಿನಡಿ ಶಿಕ್ಷೆ ಬೇರೆ. ಜೀವಕ್ಕೆ ಅಪಾಯ ತರುವಂಥ ಉಲ್ಲಂಘನೆಯಾದರೆ ಒಂದು ವರ್ಷದವರೆಗೆ ಸೆರೆ, 5,000 ರೂಪಾಯಿವರೆಗೆ ದಂಡ.

ಇದರಲ್ಲೊಂದು ತೊಡಕಿದೆ. "ಇದು ಸಾರ್ವಜನಿಕ ದಾರಿಯೇ ಅಲ್ಲ, ನಮ್ಮ ಹಿಡುವಳಿ" ಎಂದು ಎದುರಿನವರು ನಂಬಲರ್ಹ ಸಾಕ್ಷ್ಯ ತಂದರೆ, ಸಿವಿಲ್ ಕೋರ್ಟಿನಲ್ಲಿ ಅದು ತೀರ್ಮಾನವಾಗುವವರೆಗೆ ಪ್ರಕ್ರಿಯೆ ನಿಲ್ಲುತ್ತದೆ. ಆದ್ದರಿಂದ ಅರ್ಜಿಗೆ ಮೊದಲೇ ಗ್ರಾಮ ನಕಾಶೆ ತೆಗೆಸಿ ನೋಡಿ. ನಕಾಶೆ ಕಂಡ ದಾರಿಯೋ ಬಂಡಿದಾರಿಯೋ ಆಗಿದ್ದರೆ ನಿಮ್ಮ ಕೈ ಮೇಲು. ಸರ್ಕಾರಕ್ಕೆ ಸೇರಿದ ಜಾಗವೂ ಈ ಕಲಮಿಗೆ ಸಾರ್ವಜನಿಕ ಸ್ಥಳವೇ, ಹಾಗಾಗಿ ಗೋಮಾಳ, ಗುಂಡುತೋಪು, ಬಿ-ಖರಾಬಿಗೆ ಅಂಟಿದ ಹೊಂಡವೂ ಬರುತ್ತದೆ. ದಾರಿಯೇ ಇಲ್ಲದ ತೋಟದ ನಡುವಿನ ಹೊಂಡಕ್ಕೆ ಇದು ನಾಟುವುದಿಲ್ಲ. ಅಲ್ಲಿ ಗ್ರಾಮಸಭೆಯಲ್ಲಿ ಪ್ರಸ್ತಾಪಿಸಿ ನಡವಳಿಯಲ್ಲಿ ಬರೆಸುವುದು, ಸಹಾಯಧನದ ಹೊಂಡವಾದರೆ ಕೃಷಿ ಇಲಾಖೆಗೆ ದೂರು ಕೊಡುವುದು ಉಳಿದ ದಾರಿಗಳು. ಪಂಚಾಯಿತಿ ವ್ಯಾಪ್ತಿಯಲ್ಲಿ ಎಷ್ಟು ಹೊಂಡಕ್ಕೆ ಬೇಲಿಯ ಬಿಲ್ಲಾಗಿದೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ.

ಕೆರೆಯಂಗಳದಲ್ಲಿ ಮಣ್ಣು ತೆಗೆದು ಬಿಟ್ಟ ಗುಂಡಿಗೆ, ಪಂಚಾಯಿತಿಯ ಹಾಳುಬಾವಿಗೆ ಯಾರು ಹೊಣೆ? ಅದು ಯಾರ ಸುಪರ್ದಿನಲ್ಲಿದೆಯೋ ಅವರೇ. ಅನುದಾನವಿಲ್ಲ ಎಂಬ ಉತ್ತರ ಬರುತ್ತದೆ. ಮಧ್ಯಪ್ರದೇಶದ ರತ್ಲಾಂ ಪುರಸಭೆಯ ಪ್ರಕರಣದಲ್ಲಿ 1980ರಲ್ಲೇ ಸುಪ್ರೀಂ ಕೋರ್ಟು, ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ತೀರ್ಪಿನಲ್ಲಿ, ದುಡ್ಡಿಲ್ಲವೆಂಬ ನೆಪ ಹೇಳಿ ಸ್ಥಳೀಯ ಸಂಸ್ಥೆ ಇಂಥ ಕರ್ತವ್ಯದಿಂದ ಜಾರಿಕೊಳ್ಳುವಂತಿಲ್ಲ ಎಂದಿತು. ಅದೂ ಇದೇ ಹಳೆಯ 133ನೇ ಕಲಮಿನ ಪ್ರಕರಣ. ಬತ್ತಿದ ಕೊಳವೆಬಾವಿಗಳ ಬಗ್ಗೆಯೂ 2010ರಲ್ಲಿ ಸುಪ್ರೀಂ ಕೋರ್ಟು ಮಾರ್ಗಸೂಚಿ ಕೊಟ್ಟಿದೆ: ಕೊರೆಯುವಾಗ ಸುತ್ತ ತಂತಿಬೇಲಿ, ಬಾಯಿಗೆ ಬೋಲ್ಟು ಬಿಗಿದ ಇಲ್ಲವೇ ಬೆಸುಗೆ ಹಾಕಿದ ಮುಚ್ಚಳ, ಕೈಬಿಟ್ಟ ಕೊಳವೆಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು ಕಲ್ಲು ತುಂಬಿ ಮುಚ್ಚುವುದು. ಗೋಣಿಚೀಲ ಹೊದಿಸಿ ಕಲ್ಲಿಟ್ಟರೆ ಮುಚ್ಚಿದಂತಲ್ಲ.

ನಂದಿಬೆಟ್ಟದ ಸುತ್ತ ಎದ್ದಿರುವ ಫಾರ್ಮ್‌ಹೌಸು, ಹೋಮ್‌ಸ್ಟೇಗಳ ಈಜುಕೊಳದವರೂ ತಮಗಿದು ಸಂಬಂಧವಿಲ್ಲ ಎಂದುಕೊಳ್ಳಬಾರದು. 2024ರ ನವೆಂಬರಿನಲ್ಲಿ ಮಂಗಳೂರು ಬಳಿಯ ಉಚ್ಚಿಲದ ರೆಸಾರ್ಟೊಂದರ ಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ಸತ್ತಾಗ ಮಾಲೀಕರನ್ನೂ ವ್ಯವಸ್ಥಾಪಕರನ್ನೂ ಪೊಲೀಸರು ಬಂಧಿಸಿದರು.

ಅನಾಹುತ ಆಗಿಯೇ ಹೋದರೆ? ಬರೆಯಲು ಕಷ್ಟವಾದರೂ ಹೇಳಬೇಕಾದ ಮಾತಿದು. "ಮಗುವನ್ನ ಕೊಯ್ಯೋದು ಬೇಡ ಸ್ವಾಮಿ" ಎಂದು ಮರಣೋತ್ತರ ಪರೀಕ್ಷೆ ತಪ್ಪಿಸಿ ಸಂಜೆಗೇ ಮಣ್ಣು ಮಾಡುತ್ತಾರೆ. ದುಃಖ ಅರ್ಥವಾಗುತ್ತದೆ, ಆದರೆ ಅಲ್ಲಿಗೆ ಸಾಕ್ಷ್ಯವೂ ಮಣ್ಣಾಗುತ್ತದೆ. ಠಾಣೆಗೆ ತಿಳಿಸಿದರೆ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಿನಡಿ ಅಸ್ವಾಭಾವಿಕ ಸಾವೆಂದು, ಅಂದರೆ ಯು.ಡಿ.ಆರ್. ಎಂದು ದಾಖಲಿಸಿ ಪಂಚನಾಮೆ ಮಾಡುತ್ತಾರೆ. ಬೇಲಿ ಇರಲಿಲ್ಲವೆಂಬುದನ್ನು ಪಂಚನಾಮೆಯಲ್ಲಿ ಬರೆಸಿ. ನಿರ್ಲಕ್ಷ್ಯವೇ ಕಾರಣವೆನಿಸಿದರೆ ಯು.ಡಿ.ಆರ್.ಗೇ ನಿಲ್ಲದೆ, ನ್ಯಾಯ ಸಂಹಿತೆಯ 106(1)ರಡಿ ಎಫ್‌ಐಆರ್ ಮಾಡುವಂತೆ ಲಿಖಿತ ದೂರು ಕೊಡಿ. ಶಿಕ್ಷೆ ಐದು ವರ್ಷದವರೆಗೆ. ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡಬೇಕು. ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ದರೆ ಕೋರ್ಟಿನ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಿ. ಊರ ಹಿರಿಯರು ಕೂತು "ಕೇಸು ಬೇಡ" ಎಂದು ಬರೆಸಿಕೊಳ್ಳುವ ಮುಚ್ಚಳಿಕೆಗೆ ಇಲ್ಲಿ ಬೆಲೆಯಿಲ್ಲ, ಏಕೆಂದರೆ ಈ ಅಪರಾಧ ರಾಜಿಗೆ ಒಳಪಡುವಂಥದ್ದಲ್ಲ.

ಪರಿಹಾರದ ದಾವೆ ಬೇರೆಯೇ. 1855ರ ಮಾರಣಾಂತಿಕ ಅಪಘಾತಗಳ ಕಾಯ್ದೆಯಡಿ ತಂದೆತಾಯಿ, ಗಂಡ ಹೆಂಡತಿ, ಮಕ್ಕಳ ಪರವಾಗಿ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಬಹುದು. ಸಾವಾದ ದಿನದಿಂದ ಎರಡೇ ವರ್ಷ ಕಾಲಾವಕಾಶ. ಕ್ರಿಮಿನಲ್ ಕೇಸು ಮುಗಿಯಲಿ ಎಂದು ಕಾಯುತ್ತ ಕೂತವರು ಈ ಗಡುವು ಕಳೆದುಕೊಳ್ಳುತ್ತಾರೆ. ಗಳಿಕೆಯಿಲ್ಲದ ಮಗುವಿಗೆ ಪರಿಹಾರವೆಲ್ಲಿ ಎನ್ನಬೇಡಿ. 1995ರಲ್ಲಿ ಶಾಲಾ ಪ್ರವಾಸದಲ್ಲಿ ಬಿಯಾಸ್ ನದಿಯಲ್ಲಿ ಮುಳುಗಿದ 14 ಮಕ್ಕಳ ಪ್ರಕರಣದಲ್ಲಿ ತಲಾ ಐದು ಲಕ್ಷ ರೂಪಾಯಿ ಪರಿಹಾರವನ್ನು 2001ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದಿದೆ. ಸತ್ತವರು ವಯಸ್ಕರಾಗಿದ್ದು, ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಸುರಕ್ಷಾ ಬಿಮಾ ಇದ್ದರೆ ಎರಡು ಲಕ್ಷ ಸಿಗುತ್ತದೆ. ಅದಕ್ಕೂ ಪೊಲೀಸ್ ದಾಖಲೆ, ಮರಣೋತ್ತರ ವರದಿ ಬೇಕು.

ವಕೀಲರ ಫೀಸಿಗೆ ಹೆದರಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ, ಕೋರ್ಟು ಶುಲ್ಕವೂ ಅದರಲ್ಲಿ ಸೇರಿದೆ. ಮಗುವಿನ ತಾಯಿ ಅರ್ಜಿದಾರರಾದರೆ ಅಷ್ಟೇ ಸಾಕು. ಎ.ಸಿ.ಯವರಿಗೆ ಕೊಡುವ ಬೇಲಿಯ ಅರ್ಜಿಯನ್ನು ಬರೆಸಿಕೊಳ್ಳಲೂ ಇದೇ ನೆರವು ಕೇಳಬಹುದು. ತಾಲ್ಲೂಕು ಕಾನೂನು ಸೇವಾ ಸಮಿತಿ ಶಿಡ್ಲಘಟ್ಟದ ನ್ಯಾಯಾಲಯದ ಆವರಣದಲ್ಲಿದೆ, ಜಿಲ್ಲಾ ಪ್ರಾಧಿಕಾರ ಚಿಕ್ಕಬಳ್ಳಾಪುರದಲ್ಲಿದೆ, ಸಹಾಯವಾಣಿ 15100.