ಸಮುದ್ರತಳದ ಚಿಪ್ಪುಗಳೂ ಪೂರ್ವಕಾಲದ ಹವಾಗುಣವೂ

ಕಳೆದ ವರ್ಷ ಭೂಗೋಳದ ಪಾಠದಲ್ಲಿ, ಇಪ್ಪತ್ತು ಸಾವಿರ ವರ್ಷಗಳ ಕೆಳಗೆ ಯೂರೋಪ್ ಮತ್ತು ಉತ್ತರ ಅಮೆರಿಕ ಖಂಡಗಳ ಬಡಗಣ ಭಾಗಗಳು ಹಿಮದ ರಾಶಿಯಿಂದ ಮುಚ್ಚಿಹೋಗಿದ್ದುವೆಂದೂ, ಆಗ ಸಮುದ್ರದ ಮಟ್ಟವು ಈಗಿನದಕ್ಕಿಂತ ಸುಮಾರು ೧೨೦ ಮೀಟರು ತಗ್ಗಿದ್ದಿತೆಂದೂ ಹೇಳುತ್ತಿದ್ದೆನು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿಯು ಎದ್ದುನಿಂತು, “ಟೀಚರ್, ಆಗ ಉಷ್ಣಮಾಪಕವೇ ಇರಲಿಲ್ಲವಲ್ಲ; ಅಷ್ಟು ಚಳಿಯಿತ್ತೆಂದು ಅಳೆದು ನೋಡಿದವರು ಯಾರು?” ಎಂದು ಕೇಳಿದಳು. ತರಗತಿಯವರೆಲ್ಲರೂ ನಕ್ಕರು. ಪ್ರಶ್ನೆಯಾದರೋ ನಗತಕ್ಕದ್ದಾಗಿರಲಿಲ್ಲ. ಅಷ್ಟರಲ್ಲಿ ಗಂಟೆ ಬಾರಿಸಿದುದರಿಂದ ಅವಳಿಗೆ ಅರ್ಧ ಉತ್ತರವನ್ನು ಮಾತ್ರ ಕೊಟ್ಟು ಕಳುಹಿಸಿದೆನು. ಉಳಿದರ್ಧವನ್ನು ಇಲ್ಲಿ ಬರೆಯುತ್ತೇನೆ.

ನಮ್ಮ ಹಳೆಯ ವಿದ್ಯಾರ್ಥಿನಿಯರು ಕಪ್ಪುಹಲಗೆಯಿಂದ ಉದುರುತ್ತಿದ್ದ ಸೀಮೆಸುಣ್ಣದ ಧೂಳನ್ನು ಮರೆತಿರಲಾರರು. ಈಗ ಅಂಗಡಿಗಳಲ್ಲಿ ದೊರೆಯುವ ಕಡ್ಡಿಗಳಲ್ಲಿ ಹೆಚ್ಚಿನವು ಜಿಪ್ಸಮ್ಮಿನಿಂದ ಮಾಡಿದವು. ನಿಜವಾದ ಸೀಮೆಸುಣ್ಣವು ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಬಿಳಿಯ ಗೋಡೆಗಳಂತೆ ನಿಂತಿರುವ ಮೆದುವಾದ ಕಲ್ಲು. ೧೮೬೮ನೆಯ ಇಸವಿಯಲ್ಲಿ ಪ್ರಾಣಿಶಾಸ್ತ್ರಜ್ಞರಾದ ಥಾಮಸ್ ಹಕ್ಸ್‌ಲಿಯವರು ನಾರಿಚ್ ಪಟ್ಟಣದ ಕೆಲಸಗಾರರಿಗೆ ಈ ಸುಣ್ಣದ ತುಂಡೊಂದನ್ನೇ ವಿಷಯವಾಗಿಟ್ಟುಕೊಂಡು ಉಪನ್ಯಾಸಮಾಡಿದರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಅತಿಸಣ್ಣ ಸಮುದ್ರಜೀವಿಗಳ ಅವಶೇಷಗಳ ರಾಶಿಯೆಂದೂ, ಅಟ್ಲಾಂಟಿಕ್ ಸಾಗರದ ಆಳವನ್ನು ಅಳೆಯುವಾಗ ಮೇಲೆ ಬಂದ ಕೆಸರಿನಲ್ಲಿಯೂ ಅಂಥವೇ ಚಿಪ್ಪುಗಳಿರುವುವೆಂದೂ ಅವರು ತೋರಿಸಿಕೊಟ್ಟರು.

ಈ ಚಿಪ್ಪುಗಳಲ್ಲಿ ನಮಗೆ ಮುಖ್ಯವಾದುವು ಫೊರಾಮಿನಿಫೆರಾ ಎಂಬ ಜೀವಿಗಳವು. ಹೆಸರಿಗೆ ರಂಧ್ರಗಳನ್ನು ಧರಿಸಿದವು ಎಂದು ಅರ್ಥ. ಒಂದೇ ಜೀವಕೋಶದ ಪ್ರಾಣಿ. ಗಾತ್ರದಲ್ಲಿ ಬಹುಮಟ್ಟಿಗೆ ಒಂದು ಮಿಲಿಮೀಟರಿಗಿಂತ ಕಡಿಮೆ. ಆದರೂ ಅದು ಸಮುದ್ರದ ನೀರಿನಿಂದಲೇ ಸುಣ್ಣವನ್ನು ತೆಗೆದುಕೊಂಡು, ಕೋಣೆಗೆ ಕೋಣೆಯನ್ನು ಸೇರಿಸಿ ತನ್ನ ಮನೆಯನ್ನು ಕಟ್ಟಿಕೊಳ್ಳುವುದು. ಕೆಲವು ಜಾತಿಗಳು ನೀರಿನ ಮೇಲ್ಭಾಗದಲ್ಲಿ ತೇಲಾಡುವುವು. ಕೆಲವು ತಳದ ಕೆಸರಿನಲ್ಲಿಯೇ ಬಾಳುವುವು. ಸತ್ತ ಬಳಿಕ ಎಲ್ಲವುಗಳ ಚಿಪ್ಪುಗಳೂ ತಳದಲ್ಲಿ ಪದರಪದರವಾಗಿ ಸೇರುವುವು. ಆಳವಾದ ಸಮುದ್ರದಲ್ಲಿ ಸಾವಿರ ವರ್ಷಗಳಿಗೆ ಒಂದು ಅಥವಾ ಕೆಲವು ಸೆಂಟಿಮೀಟರುಗಳಷ್ಟೇ ಕೆಸರು ಬೆಳೆಯುವುದರಿಂದ, ಹಡಗಿನಿಂದ ಉದ್ದವಾದ ಕೊಳವೆಯನ್ನು ಇಳಿಸಿ ಹತ್ತು ಮೀಟರು ಕೆಸರನ್ನು ಕಲಕದಂತೆ ಮೇಲಕ್ಕೆತ್ತಿದರೆ, ಲಕ್ಷಾಂತರ ವರ್ಷಗಳ ದಫ್ತರವು ಕೈಗೆ ಬಂದಂತಾಯಿತು.

ಈ ದಫ್ತರವನ್ನು ಓದಲು ಕಲಿಸಿದವರಲ್ಲಿ ಸ್ತ್ರೀಯರೂ ಇದ್ದರೆಂಬುದನ್ನು ನಮ್ಮ ಸಂಚಿಕೆಯಲ್ಲಿ ಹೇಳದೆ ಮುಂದೆ ಹೋಗಲಾರೆನು. ಅಮೆರಿಕದ ಟೆಕ್ಸಸ್ ಪ್ರಾಂತದಲ್ಲಿ ಎಣ್ಣೆಬಾವಿಗಳನ್ನು ಕೊರೆಯುವಾಗ ಹೊರಬರುವ ಕಲ್ಲುಪುಡಿಯಲ್ಲಿರುವ ಫೊರಾಮಿನಿಫೆರಾಗಳಿಂದ ಆ ಪದರದ ಕಾಲವನ್ನು ತಿಳಿಯಬಹುದೆಂದು ಎಸ್ತರ್ ರಿಚರ್ಡ್ಸ್ ಎಂಬ ತರುಣಿಯು ೧೯೨೧ರಲ್ಲಿ ವಿದ್ವಾಂಸರ ಸಭೆಯೊಂದರ ಮುಂದೆ ಹೇಳಿದಳು. ಅಲ್ಲಿದ್ದ ಪ್ರಾಧ್ಯಾಪಕರೊಬ್ಬರು ಸಭೆಯಲ್ಲಿಯೇ ಆಕೆಯನ್ನು ಹಾಸ್ಯಮಾಡಿದರು. ೧೯೨೫ರಲ್ಲಿ ಆಕೆಯೂ (ಆಗ ಆಕೆಯು ವಿವಾಹಿತೆಯಾಗಿ ಎಸ್ತರ್ ಆಪ್ಲಿನ್ ಆಗಿದ್ದಳು) ಆಲ್ವಾ ಎಲಿಸರ್ ಮತ್ತು ಹೆಡ್ವಿಗ್ ನೈಕರ್ ಎಂಬಿಬ್ಬರೂ ಕೂಡಿ ಬರೆದ ಲೇಖನವು ಪ್ರಕಟವಾದ ಮೇಲೆ ಹಾಸ್ಯಕ್ಕೆ ಎಡೆಯುಳಿಯಲಿಲ್ಲ. ಎಣ್ಣೆಯ ಕಂಪೆನಿಗಳೇ ಇಂಥ ಪರೀಕ್ಷೆಗೆ ಪ್ರಯೋಗಶಾಲೆಗಳನ್ನು ಇಟ್ಟುಕೊಂಡುವು.

ಕಾಲವೇನೋ ತಿಳಿಯಿತು, ಉಷ್ಣತೆಯ ಮಾತೇನು? ಇದಕ್ಕೆ ಉಪಾಯವನ್ನು ಕಂಡವರು ಚಿಕಾಗೋ ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರಜ್ಞ ಹೆರಾಲ್ಡ್ ಯೂರಿಯವರು. ನೀರಿನಲ್ಲಿರುವ ಆಮ್ಲಜನಕದ ಪರಮಾಣುಗಳೆಲ್ಲ ಒಂದೇ ತೂಕದವಲ್ಲ. ಹೆಚ್ಚಿನವು ಹಗುರವಾದುವು; ಸುಮಾರು ಐನೂರಕ್ಕೆ ಒಂದು ಮಾತ್ರ ಭಾರವಾದುದು. ಜೀವಿಯು ಚಿಪ್ಪನ್ನು ಕಟ್ಟುವಾಗ ನೀರು ತಂಪಾಗಿದ್ದಷ್ಟೂ ಭಾರವಾದ ಪರಮಾಣುಗಳು ಚಿಪ್ಪಿನಲ್ಲಿ ಹೆಚ್ಚು ಸೇರುವುವು. ವ್ಯತ್ಯಾಸವು ಅತ್ಯಲ್ಪ, ಒಂದು ಡಿಗ್ರಿ ಸೆಂಟಿಗ್ರೇಡಿಗೆ ಐದು ಸಾವಿರದಲ್ಲಿ ಸುಮಾರು ಒಂದು ಪಾಲು. ಯೂರಿಯವರು ೧೯೪೭ರಲ್ಲಿ ಈ ತತ್ತ್ವವನ್ನು ಪ್ರಕಟಿಸಿದರು. ಆ ಅಲ್ಪವನ್ನು ಅಳೆಯಬಲ್ಲ ಯಂತ್ರವನ್ನು ಅವರೂ ಅವರ ಸಂಗಡಿಗರೂ ಸಿದ್ಧಪಡಿಸಿಕೊಂಡರು. ೧೯೫೧ರಲ್ಲಿ ಅವರು ಬೆಲೆಮ್ನೈಟ್ ಎಂಬ ಪ್ರಾಣಿಯ ಪಳೆಯುಳಿಕೆಯೊಂದನ್ನು ಪರೀಕ್ಷಿಸಿದ ವರದಿಯನ್ನು ಹೊರಡಿಸಿದರು. ಇದು ನಮ್ಮ ಕರಾವಳಿಯವರು ಬೊಂಡಾಸ್ ಎಂದು ಕರೆಯುವ ಪ್ರಾಣಿಗೆ ದೂರದ ನೆಂಟ. ೧೪ ಕೋಟಿ ವರ್ಷಗಳಿಗಿಂತಲೂ ಹಿಂದಿನದು. ಮರದ ಉಂಗುರಗಳಂತಿದ್ದ ಅದರ ಪದರಗಳನ್ನು ಒಂದೊಂದಾಗಿ ಕೆರೆದು ಅಳೆದಾಗ, ಅದು ಮೂರು ಬೇಸಿಗೆಗಳನ್ನೂ ನಾಲ್ಕು ಚಳಿಗಾಲಗಳನ್ನೂ ಕಂಡು, ಸುಮಾರು ನಾಲ್ಕು ವರ್ಷದ ಪ್ರಾಯದಲ್ಲಿ, ವಸಂತಕಾಲದಲ್ಲಿ ಸತ್ತಿತೆಂದು ತಿಳಿದುಬಂದಿತು. ಅದು ಬಾಳಿದ ನೀರಿನ ಸರಾಸರಿ ಉಷ್ಣತೆಯು ೧೭ರಿಂದ ೧೮ ಡಿಗ್ರಿ. ಇದನ್ನು ಮೊದಲು ಓದಿದಾಗ ನಾನು ಪುಸ್ತಕವನ್ನು ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆನು.

ಇಷ್ಟಕ್ಕೇ ಮುಗಿದಿದ್ದರೆ ಪಾಠವು ಸುಲಭವಾಗಿರುತ್ತಿತ್ತು. ಯೂರಿಯವರ ಪ್ರಯೋಗಶಾಲೆಯಲ್ಲಿದ್ದ ಚೆಸಾರೆ ಎಮಿಲಿಯಾನಿ ಎಂಬ ಇಟಲಿಯ ವಿದ್ವಾಂಸರು ಇದೇ ಉಪಾಯವನ್ನು ಫೊರಾಮಿನಿಫೆರಾಗಳಿಗೆ ಪ್ರಯೋಗಿಸಿ, ೧೯೫೫ರಲ್ಲಿ ತಮ್ಮ ಫಲಿತಾಂಶವನ್ನು ಹೊರಡಿಸಿದರು. ಆಲ್ಪ್ಸ್ ಪರ್ವತಗಳ ಸಾಕ್ಷ್ಯದಿಂದ ಹಿಮಯುಗಗಳು ನಾಲ್ಕೇ ಎಂದು ಅದುವರೆಗೆ ಎಣಿಸಿದ್ದರು. ಸಮುದ್ರದ ಕೆಸರಾದರೋ ಅದಕ್ಕಿಂತ ಹೆಚ್ಚಿನ ಏರಿಳಿತಗಳನ್ನು ತೋರಿಸಿತು. ಎಮಿಲಿಯಾನಿಯವರು ಆ ಏರಿಳಿತದ ಬಹುಭಾಗವು ನೀರಿನ ಉಷ್ಣತೆಯಿಂದಲೇ ಆದುದೆಂದು ಲೆಕ್ಕಹಾಕಿದರು. ಆದರೆ ಇಲ್ಲಿ ಒಂದು ತೊಡಕುಂಟು. ಸಮುದ್ರದಿಂದ ಆವಿಯಾಗಿ ಏಳುವಾಗ ಹಗುರವಾದ ನೀರು ಮೊದಲು ಏಳುವುದು. ಆ ಆವಿಯು ಭೂಮಿಯ ಮೇಲೆ ಹಿಮವಾಗಿ ಬಿದ್ದು ಕರಗದೆ ನಿಂತರೆ, ಹಗುರವಾದ ಆಮ್ಲಜನಕವು ಅಲ್ಲಿಯೇ ಸೆರೆಯಾಗಿ, ಸಮುದ್ರದಲ್ಲಿ ಭಾರವಾದುದರ ಪಾಲು ಹೆಚ್ಚುವುದು. ಹಾಗಾದರೆ ಚಿಪ್ಪಿನ ಭಾರವು ತಂಪಿನಿಂದ ಬಂದುದೋ, ಹಿಮರಾಶಿಯಿಂದ ಬಂದುದೋ? ಸಾಕ್ಷಿಯು ಸುಳ್ಳಾಡಲಿಲ್ಲ, ಎರಡು ಮಾತುಗಳನ್ನು ಒಂದೇ ಉಸಿರಿನಲ್ಲಿ ಆಡಿತು.

ಕೇಂಬ್ರಿಜ್ಜಿನ ನಿಕೊಲಸ್ ಶ್ಯಾಕಲ್ಟನ್ನರು ೧೯೬೭ರಲ್ಲಿ ಇದನ್ನು ಬಿಡಿಸಿದ ರೀತಿಯು ಬಹಳ ಸರಳವಾದುದು. ಮೇಲೆ ತೇಲುವ ಜಾತಿಯ ಚಿಪ್ಪನ್ನೂ ತಳದಲ್ಲಿ ಬಾಳುವ ಜಾತಿಯ ಚಿಪ್ಪನ್ನೂ ಅವರು ಹೋಲಿಸಿದರು. ಆಳಸಮುದ್ರದ ನೀರು ಈಗಲೇ ಹೆಪ್ಪುಗಟ್ಟುವ ಮಟ್ಟಕ್ಕೆ ಸಮೀಪವಾಗಿರುವುದು. ಹಿಮಯುಗದಲ್ಲಿ ಅದು ಇನ್ನೆಷ್ಟು ತಂಪಾದೀತು? ಆದರೂ ತಳದ ಚಿಪ್ಪುಗಳಲ್ಲಿ ಕಂಡ ವ್ಯತ್ಯಾಸವು ಮೇಲಿನವುಗಳಷ್ಟೇ ಇದ್ದಿತು. ಆದುದರಿಂದ ಅದರ ಬಹುಭಾಗವು ಹಿಮರಾಶಿಯ ಲೆಕ್ಕವೆಂದು ನಿರ್ಣಯವಾಯಿತು. ಬರಿಯ ಉಷ್ಣಮಾಪಕವೆಂದು ತಿಳಿದಿದ್ದುದು ಭೂಮಿಯ ಮೇಲಿನ ಹಿಮವನ್ನು ತೂಗುವ ತಕ್ಕಡಿಯೂ ಆಗಿದ್ದಿತು. ಉಷ್ಣತೆಯನ್ನು ಬೇರೆಯಾಗಿ ತಿಳಿಯಲು ಈಗ ಚಿಪ್ಪಿನಲ್ಲಿ ಸೇರಿರುವ ಮೆಗ್ನೀಸಿಯಮ್ಮನ್ನು ಅಳೆಯುವರು. ನೀರು ಬೆಚ್ಚಗಿದ್ದಷ್ಟೂ ಅದರ ಅಂಶ ಹೆಚ್ಚು.

೧೯೭೬ರಲ್ಲಿ ಜೇಮ್ಸ್ ಹೇಸ್, ಜಾನ್ ಇಂಬ್ರಿ, ಶ್ಯಾಕಲ್ಟನ್ ಈ ಮೂವರು ಹಿಂದೂ ಮಹಾಸಾಗರದ ದಕ್ಷಿಣಭಾಗದ ಕೆಸರನ್ನು ಪರೀಕ್ಷಿಸಿ, ಹಿಮಯುಗಗಳು ಸುಮಾರು ಒಂದು ಲಕ್ಷ, ೪೧ ಸಾವಿರ ಮತ್ತು ೨೩ ಸಾವಿರ ವರ್ಷಗಳ ಆವರ್ತನಗಳಲ್ಲಿ ಬಂದುಹೋಗುವುವೆಂದು ತೋರಿಸಿದರು. ಭೂಮಿಯ ಪಥವೂ ಓರೆಯೂ ಬದಲಾಗುವ ಗತಿಯಿಂದ ಸೆರ್ಬಿಯಾ ದೇಶದ ಮಿಲುಟಿನ್ ಮಿಲಾಂಕೊವಿಚ್ಚರು ಎಷ್ಟೋ ಮೊದಲೇ ಲೆಕ್ಕಹಾಕಿದ್ದ ಸಿದ್ಧಾಂತಕ್ಕೆ ಇದರಿಂದ ಆಧಾರ ದೊರೆಯಿತು. ೧೯೫೮ರಲ್ಲಿ ತೀರಿಹೋಗಿದ್ದ ಅವರು ಇದನ್ನು ಕಾಣಲಿಲ್ಲ.

ಇನ್ನು ನಮ್ಮ ಮಳೆಯ ವಿಷಯ. ನೈಋತ್ಯದ ಗಾಳಿಯು ಬಲವಾಗಿ ಬೀಸುವಾಗ ಅರೇಬಿಯಾದ ತೀರದ ಮೇಲ್ನೀರು ಸರಿದುಹೋಗಿ, ಆಳದ ತಣ್ಣೀರು ಮೇಲೇಳುವುದು. ತಣ್ಣೀರನ್ನು ಮೆಚ್ಚುವ ಗ್ಲೋಬಿಜೆರಿನಾ ಬುಲ್ಲಾಯ್ಡಿಸ್ ಎಂಬ ಫೊರಾಮಿನಿಫೆರಾ ಜಾತಿಯು ಆಗ ಅಲ್ಲಿ ಹೇರಳವಾಗಿ ಬೆಳೆಯುವುದು. ಆದುದರಿಂದ ಅಲ್ಲಿನ ಕೆಸರಿನಲ್ಲಿ ಅದರ ಚಿಪ್ಪುಗಳನ್ನು ಎಣಿಸಿದರೆ ಆ ಕಾಲದ ಮುಂಗಾರಿನ ಗಾಳಿಯ ಬಲವು ತಿಳಿಯುವುದು. ಹಿಮಯುಗದಲ್ಲಿ ಮುಂಗಾರು ಕ್ಷೀಣವಾಗಿದ್ದಿತೆಂದೂ, ಸುಮಾರು ಹತ್ತರಿಂದ ಆರು ಸಾವಿರ ವರ್ಷಗಳ ಹಿಂದೆ ಅದು ಪ್ರಬಲವಾಗಿದ್ದಿತೆಂದೂ ಹೀಗೆ ಕಂಡುಕೊಂಡಿದ್ದಾರೆ. ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯವರು ನಮ್ಮ ಕಾರವಾರದ ಎದುರಿನ ಸಮುದ್ರತಳದ ಕೆಸರನ್ನೂ ಪರೀಕ್ಷಿಸಿದ್ದಾರೆ. ಕಾಳಿ ನದಿಯು ಹೆಚ್ಚು ಸಿಹಿನೀರನ್ನು ತಂದ ಕಾಲಕ್ಕೂ ಕಡಿಮೆ ತಂದ ಕಾಲಕ್ಕೂ ಅಲ್ಲಿನ ಚಿಪ್ಪುಗಳಲ್ಲಿ ಭೇದವಿರುವುದರಿಂದ, ಹಿಂದಿನ ಬರಗಾಲಗಳ ಗುರುತನ್ನು ಅವುಗಳಲ್ಲಿ ಹುಡುಕಬಹುದಾಗಿದೆ. ಭಾರತದಲ್ಲಿ ಹವಾಮಾನ ಇಲಾಖೆಯು ಸ್ಥಾಪಿತವಾದುದೇ ೧೮೭೫ರಲ್ಲಿ. ಅದಕ್ಕಿಂತ ಬಹು ಹಿಂದಿನ ಮಳೆಯ ಲೆಕ್ಕ ಬೇಕಾದವರು ಇಂಥ ಸಾಕ್ಷಿಗಳನ್ನೇ ಕೇಳಬೇಕಾಗಿದೆ.

ಈಚೆಗೆ ಇದೇ ಬುಲ್ಲಾಯ್ಡಿಸ್ ಮತ್ತೊಂದು ಸಮಾಚಾರವನ್ನು ತಂದಿದೆ. ಕಾರ್ಖಾನೆಗಳ ಕಾಲಕ್ಕೆ ಮುಂಚೆ ವಾಯುವಿನಲ್ಲಿ ಹತ್ತು ಲಕ್ಷಕ್ಕೆ ಸುಮಾರು ೨೮೦ ಪಾಲಿದ್ದ ಇಂಗಾಲಾಮ್ಲವು ಈಗ ೪೨೦ನ್ನು ಮೀರಿದೆ. ಅದರಲ್ಲೊಂದಂಶವು ಸಮುದ್ರದಲ್ಲಿ ಕರಗಿ, ಸುಣ್ಣದ ಚಿಪ್ಪನ್ನು ಕಟ್ಟುವ ಕೆಲಸವನ್ನು ಕಷ್ಟಗೊಳಿಸುತ್ತಿದೆ. ದಕ್ಷಿಣ ಮಹಾಸಾಗರದಲ್ಲಿ ಈಗ ಬಾಳುವ ಬುಲ್ಲಾಯ್ಡಿಸ್‌ನ ಚಿಪ್ಪುಗಳು, ತಳದ ಕೆಸರಿನಲ್ಲಿರುವ ಅದೇ ಜಾತಿಯ ಹಳೆಯ ಚಿಪ್ಪುಗಳಿಗಿಂತ ನೂರಕ್ಕೆ ೩೦ರಿಂದ ೩೫ರಷ್ಟು ಹಗುರವಾಗಿವೆಯೆಂದು ೨೦೦೯ರಲ್ಲಿ ಪ್ರಕಟವಾಯಿತು. ಮುಂದೆ ನಮ್ಮ ಕಾಲದ ಪದರವನ್ನು ತೂಗಿ ನೋಡುವವರಿಗೆ ಈ ಕೊರತೆಯೂ ಕಾಣಿಸದಿರಲಾರದು.

ಇವುಗಳನ್ನು ಕಣ್ಣಾರೆ ನೋಡಬೇಕೆಂಬ ಆಸೆಯುಳ್ಳವರು ಕಡಲತೀರಕ್ಕೆ ಹೋದಾಗ ಒಂದು ಹಿಡಿ ನುಣುಪಾದ ಮರಳನ್ನು ತಂದು, ಸಿಹಿನೀರಿನಲ್ಲಿ ತೊಳೆದು ಒಣಗಿಸಿ, ಕಪ್ಪು ಕಾಗದದ ಮೇಲೆ ತೆಳ್ಳಗೆ ಹರಡಿ, ಹತ್ತು ಪಾಲು ಹಿಗ್ಗಿಸುವ ಭೂತಕನ್ನಡಿಯಿಂದ ನೋಡಲಿ. ಮರಳಿನ ಕಣಗಳ ನಡುವೆ ಸುರುಳಿಯಾಗಿ, ಕೋಣೆಕೋಣೆಯಾಗಿ ಬಿಳಿಯ ಚುಕ್ಕೆಯಂಥದು ಕಂಡರೆ, ಚಿತ್ರ ಬರೆಯುವ ಸಣ್ಣ ಕುಂಚದ ತುದಿಯನ್ನು ಒದ್ದೆಮಾಡಿ ಮೆಲ್ಲಗೆ ಮುಟ್ಟಬೇಕು. ಚಿಪ್ಪು ಅಂಟಿಕೊಂಡು ಬರುವುದು. ಉಗುರಿನಿಂದ ತೆಗೆಯಲು ಹೋದರೆ ಪುಡಿಯಾದೀತು.