ಒಲೆಯ ಮುಂದಿನ ವಿಜ್ಞಾನ

ಶಕ್ತಿಯೆಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಶರಾವತಿಯ ವಿದ್ಯುದಾಗಾರ, ಇಲ್ಲವೆ ರಾಯಚೂರಿನ ಉಷ್ಣವಿದ್ಯುತ್ ಸ್ಥಾವರ. ಅಡಿಗೆಮನೆಯ ಒಲೆ, ಬಾವಿಗೆ ಇಳಿಬಿಟ್ಟ ಹಗ್ಗ, ನೊಗ ಹೊತ್ತ ಎತ್ತು ಇವೂ ಶಕ್ತಿಶಾಸ್ತ್ರದ ವಿಷಯಗಳೆಂದು ನಾವು ಸಾಮಾನ್ಯವಾಗಿ ಎಣಿಸುವುದಿಲ್ಲ. ಹಾಗೆ ಎಣಿಸಿದ ವಿಜ್ಞಾನಿಗಳ ತಂಡವೊಂದು 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡಿತು. ಅದರ ಹೆಸರು 'ಅಸ್ತ್ರ'. ಗ್ರಾಮಗಳಿಗೆ ವಿಜ್ಞಾನ ತಂತ್ರಜ್ಞಾನಗಳ ಅನ್ವಯವೆಂಬ ಅರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಆದ ಪದವಿದು.

ತಂಡದ ಮುಂದಾಳು ಅಮೂಲ್ಯ ಕೆ. ಎನ್. ರೆಡ್ಡಿ (1930–2006) ವಿದ್ಯುದ್ರಸಾಯನ ಶಾಸ್ತ್ರದಲ್ಲಿ ಹೆಸರಾಂತ ವಿದ್ವಾಂಸರು. ಪ್ರಯೋಗಶಾಲೆಯ ಪ್ರತಿಷ್ಠೆಯನ್ನು ಬದಿಗಿಟ್ಟು ಸಗಣಿ ಸೌದೆಗಳ ಲೆಕ್ಕಕ್ಕೆ ಇಳಿಯುವುದು ಸುಲಭದ ನಿರ್ಧಾರವಲ್ಲ. ಆದರೂ ಅವರೊಡನೆ ಇತರ ವಿಭಾಗಗಳ ಅಧ್ಯಾಪಕರೂ ಇಂಜಿನಿಯರುಗಳೂ ಸೇರಿದರು. ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅವರ ಕೇಂದ್ರವೊಂದು ತಲೆಯೆತ್ತಿತು.

ಅವರು ಮೊದಲು ಯಂತ್ರವನ್ನು ಕಟ್ಟಲಿಲ್ಲ, ಲೆಕ್ಕ ಹಾಕಿದರು. ಸುತ್ತಣ ಆರು ಹಳ್ಳಿಗಳಲ್ಲಿ ಯಾವ ಕೆಲಸಕ್ಕೆ ಎಷ್ಟು ಶಕ್ತಿ, ಅದು ಯಾರಿಂದ ಎಂದು ಮನೆಮನೆಗೆ ಹೋಗಿ ಅಳೆದರು. ಪುರವೆಂಬ ಹಳ್ಳಿಯಲ್ಲಿ ಬಳಕೆಯಾಗುತ್ತಿದ್ದ ಶಕ್ತಿಯಲ್ಲಿ ಶೇಕಡಾ 80ಕ್ಕೂ ಹೆಚ್ಚು ಭಾಗ ಸೌದೆಯದು. ವಿದ್ಯುತ್ತಿನದು ಶೇಕಡಾ ಒಂದಕ್ಕೂ ಕಡಿಮೆ. ಒಂದು ಮನೆಗೆ ದಿನಕ್ಕೆ ಬೇಕಾದ ಸುಮಾರು 10 ಕಿಲೋಗ್ರಾಂ ಸೌದೆಗಾಗಿ 4.8 ಕಿಲೋಮೀಟರು ನಡೆಯಬೇಕಿತ್ತು, 2.6 ಗಂಟೆ ಸವೆಸಬೇಕಿತ್ತು. ವರ್ಷಕ್ಕೆ ಇದು ಸುಮಾರು 1,750 ಕಿಲೋಮೀಟರಿನ ನಡಿಗೆ! ಮನುಷ್ಯಶ್ರಮದ ಬಾಬಿನಲ್ಲಿ ಹೆಂಗಸರ ಪಾಲೇ ಹೆಚ್ಚು. ಮಕ್ಕಳ ಪಾಲೂ ಅಲ್ಪವಾಗಿರಲಿಲ್ಲ. ಸೌದೆಗೆಂದು ಹೊರಟ ಮಗು ಶಾಲೆಗೆ ಹೋಗುವುದಾದರೂ ಹೇಗೆ?

ಈ ಅಧ್ಯಯನಗಳ ಹಾದಿಯಲ್ಲೇ 'ಅಸ್ತ್ರ ಒಲೆ' ಹುಟ್ಟಿತು. ಇದರಲ್ಲಿ ಉರಿಯ ಬಿಸಿ ಒಂದಾದ ಮೇಲೊಂದರಂತೆ ಮೂರು ಪಾತ್ರೆಗಳ ತಳವನ್ನು ತಾಗುತ್ತದೆ. ಹೊಗೆ ಕೊಳವೆಯ ಮೂಲಕ ಮಾಡಿನಾಚೆಗೆ ಹೋಗುತ್ತದೆ. ಸೌದೆಯೂ ಉಳಿಯಿತು, ಕಣ್ಣೂ ಉಳಿಯಿತು.

ಎಲ್ಲವೂ ಹೀಗೆ ನೇರವಾಗಿ ಕೈಗೂಡಲಿಲ್ಲ. ಪುರದಲ್ಲಿ ಸಗಣಿಯಿಂದ ಅನಿಲ ತೆಗೆದು ಊರಿಗೆಲ್ಲ ಅಡಿಗೆಗೆ ಕೊಡುವ ಯೋಜನೆ ಸಾಗಲಿಲ್ಲ. ದೊರೆತ ಸಗಣಿ ಅಷ್ಟಕ್ಕೆ ಸಾಲದು. ಅನ್ನ ಅರ್ಧ ಬೆಂದಾಗ ಅನಿಲ ನಿಂತರೆ ಗೃಹಿಣಿ ಮತ್ತೆ ಸೌದೆಗೇ ಕೈಚಾಚಬೇಕು. 1987ರಲ್ಲಿ ಅದೇ ಅನಿಲದಿಂದ ಎಂಜಿನ್ನು ನಡೆಸಿ ವಿದ್ಯುತ್ತನ್ನು ಉತ್ಪಾದಿಸಿದರು. ಕೊಳವೆಬಾವಿಯ ನೀರು ನಲ್ಲಿಗೆ ಬಂದಿತು, ಮನೆಗಳಲ್ಲಿ ದೀಪ ಬೆಳಗಿತು. ಸಗಣಿ ಕೊಟ್ಟ ಮನೆಗೆ ಬಗ್ಗಡವು ಗೊಬ್ಬರವಾಗಿ ಹಿಂದಿರುಗಿತು. ಹಳ್ಳಿಯ ತರುಣರೇ ಸ್ಥಾವರವನ್ನು ನೋಡಿಕೊಂಡರು. ಮೊದಲ ಸೋಲೇ ಇಲ್ಲಿ ದೊಡ್ಡ ಪಾಠವೆಂದು ನನ್ನ ಎಣಿಕೆ.

'ಅಸ್ತ್ರ'ವು ಇಂದು ಸುಸ್ಥಿರ ತಂತ್ರಜ್ಞಾನ ಕೇಂದ್ರವೆಂಬ ಹೆಸರಿನಿಂದ ಅದೇ ಸಂಸ್ಥೆಯಲ್ಲಿದೆ. ವಿಜ್ಞಾನ, ಇಂಜಿನಿಯರಿಂಗ್ ಓದಿದ ತರುಣ ತರುಣಿಯರು ಅಲ್ಲಿ ಸಂಶೋಧನೆ ಮಾಡುತ್ತಾರೆ. ಈ ವಿದ್ಯೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರಗಳಷ್ಟೇ ಸಾಲವು. ದನಕರುಗಳ ಮೇವು, ಮನೆಯ ಆದಾಯ, ಹೆಂಗಸರ ದಿನಚರಿ ಇವನ್ನು ಬಲ್ಲವರೂ ಬೇಕು. ಹಳ್ಳಿಯಿಂದ ಬಂದ ವಿದ್ಯಾರ್ಥಿಗೆ ಇವು ಪುಸ್ತಕದಿಂದ ಕಲಿಯಬೇಕಾದ ಸಂಗತಿಗಳಲ್ಲ.

ಇದರ ಮೊದಲ ಪ್ರಯೋಗಕ್ಕೆ ಕಾಲೇಜು ಸೇರುವವರೆಗೆ ಕಾಯಬೇಕಾಗಿಲ್ಲ. ಮನೆಯಲ್ಲಿ ಅಡಿಗೆ ಅನಿಲದ ಸಿಲಿಂಡರಿದ್ದರೆ ಅದರಲ್ಲಿರುವುದು 14.2 ಕಿಲೋಗ್ರಾಂ ಅನಿಲ. ಅದು ಎಷ್ಟು ದಿನ ಬಂದಿತೆಂದು ಗುರುತು ಹಾಕಿ ಭಾಗಿಸಿರಿ. ಸೌದೆಯೊಲೆಯಿದ್ದರೆ ಒಂದು ವಾರ ಸೌದೆಯನ್ನು ತೂಗಿರಿ. ಅದನ್ನು ತಂದವರು ಯಾರು, ಎಷ್ಟು ದೂರದಿಂದ ತಂದರು ಎಂಬುದನ್ನೂ ಪಕ್ಕದಲ್ಲೇ ಬರೆದಿಡಿರಿ.