ಗುದ್ದಲಿ ಹಾಕುವ ಮೊದಲು

ಕಲಾವಿಭಾಗದ ವಿದ್ಯಾರ್ಥಿಗೆ ಕೇಬಲು, ಪೈಪುಗಳ ಗೊಡವೆ ಏಕೆಂದು ಸಹಪಾಠಿಗಳು ಕೇಳಬಹುದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಹಿಂದಿನವರೆಲ್ಲ ಮಣ್ಣು ಅಗೆದವರು. ಆದುದರಿಂದ ಈ ವಿಷಯ ನನಗೆ ದೂರದ್ದಲ್ಲ.

ಹೊನ್ನಾವರವನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66 (ಹಿಂದೆ 17) ಚತುಷ್ಪಥವಾಗುವ ಕೆಲಸವನ್ನು ನಾವೆಲ್ಲರೂ ನೋಡಿದ್ದೇವೆ. ಹಳೆಯ ನಕ್ಷೆಯಲ್ಲಿ ‘ರಸ್ತೆಯ ಅಂಚಿನಿಂದ ಆರು ಅಡಿ’ ಎಂದು ಬರೆದಿದ್ದರೆ, ರಸ್ತೆ ಅಗಲವಾದ ಮೇಲೆ ಆ ಅಂಚೆಲ್ಲಿ? ಆಳದ ಕಥೆಯೂ ಅಷ್ಟೇ. 11 ಕಿಲೋವೋಲ್ಟ್ ಕೇಬಲನ್ನು 90 ಸೆಂಟಿಮೀಟರ್ ಆಳದಲ್ಲಿ ಹೂಳಬೇಕೆಂದು ಭಾರತೀಯ ಮಾನಕ 1255 ಹೇಳುತ್ತದೆ. ಮೇಲಿನ ಮಣ್ಣನ್ನು ಕೆತ್ತಿ ತೆಗೆದರೆ ಅದೇ ಕೇಬಲು ಮೊಣಕಾಲುದ್ದಕ್ಕೇ ಸಿಕ್ಕೀತು.

ನೆಲದೊಳಗಿನ ಕೇಬಲನ್ನು ಹುಡುಕುವ ಯಂತ್ರವುಂಟು. ಹರಿಯುವ ವಿದ್ಯುತ್ತಿನ ಸುತ್ತ ಏಳುವ ಕಾಂತಕ್ಷೇತ್ರವನ್ನು ಅದು ಗುರುತಿಸುತ್ತದೆ. 1831ರಲ್ಲಿ ಫ್ಯಾರಡೆ ಕಂಡ ತತ್ತ್ವವೇ ಇದರ ಮೂಲ. ಆದರೆ ಪ್ಲಾಸ್ಟಿಕ್ ನೀರಿನ ಪೈಪಿಗೂ ಲೋಹವಿಲ್ಲದ ಗಾಜಿನೆಳೆಯ ಕೇಬಲಿಗೂ ಅದು ಮೂಕ. ರೇಡಾರ್ ತರೋಣವೆಂದರೆ ಉಪ್ಪುನೀರು ಹಿಡಿದ ಮಣ್ಣು ಅದರ ಅಲೆಗಳನ್ನು ನುಂಗಿಬಿಡುತ್ತದೆ. ಶರಾವತಿಯ ಅಳಿವೆಯ ಬದಿಯಲ್ಲಿ ಅದನ್ನು ನೆಚ್ಚುವುದು ಕಷ್ಟ. ಯಂತ್ರ ಕೂಗದಿದ್ದರೆ ಕೆಳಗೆ ಏನೂ ಇಲ್ಲವೆಂದು ಅರ್ಥವಲ್ಲ.

ಕಡೆಗೆ ಉಳಿಯುವುದು ಕೈಯಿಂದ ತೆಗೆಯುವ ಪರೀಕ್ಷೆಯ ಗುಂಡಿ. ಕೇಬಲು ಹೋಗಿರಬಹುದಾದ ದಿಕ್ಕಿಗೆ ಅಡ್ಡಲಾಗಿ ಸಣ್ಣದೊಂದು ಗುಂಡಿ ತೆಗೆದು ನೋಡಬೇಕು. ನಮ್ಮ ಚಿರೆಕಲ್ಲಿನ ನೆಲ ಇಲ್ಲಿ ಉಪಕಾರಿ: ಗಟ್ಟಿ ನೆಲದ ನಡುವೆ ಮೆದು ಮಣ್ಣಿನ ಪಟ್ಟೆ ಕಂಡರೆ ಹಿಂದೆ ಯಾರೋ ಅಲ್ಲಿ ಅಗೆದು ಮುಚ್ಚಿದ್ದಾರೆ. ಮರಳು, ಇಟ್ಟಿಗೆಯ ಸಾಲು ಅಥವಾ ಬಣ್ಣದ ಪಟ್ಟಿ ಸಿಕ್ಕಿದೊಡನೆ ಹಾರೆ, ಪಿಕಾಸಿಗಳನ್ನು ಕೆಳಗಿಡತಕ್ಕದ್ದು. ಕಂಡ ಕೇಬಲು ಸತ್ತಿದೆಯೆಂದು ಯಾರೂ ಊಹಿಸಬಾರದು. ಹಲಗೆಯ ಆಸರೆ ಕೊಟ್ಟು, ಸಂಬಂಧಿಸಿದ ಇಲಾಖೆಯವರು ಬರುವವರೆಗೆ ಕಾಯಬೇಕು.

2023ರ ಮಾರ್ಚ್ 22ರಂದು ಕೇಂದ್ರ ಸರ್ಕಾರ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪನ್ನು ಆರಂಭಿಸಿತು. ಅಗೆಯುವವರು ಮುಂಚಿತವಾಗಿ ತಿಳಿಸಿದರೆ ಕೇಬಲಿನ ಒಡೆಯರಿಗೆ ಸುದ್ದಿ ಮುಟ್ಟುತ್ತದೆ. ಹೇಳದೆ ಕೇಳದೆ ಅಗೆಯುವುದರಿಂದ ದೇಶಕ್ಕೆ ವರ್ಷಕ್ಕೆ ಸುಮಾರು 3000 ಕೋಟಿ ರೂಪಾಯಿ ನಷ್ಟವೆಂದು ಆಗ ಸರ್ಕಾರ ಹೇಳಿತು. ವ್ಯವಸ್ಥೆ ಒಳ್ಳೆಯದೇ. ಆದರೆ ಆ್ಯಪು ಗುತ್ತಿಗೆದಾರನ ಕಿಸೆಯಲ್ಲಿ, ಪಿಕಾಸಿ ಕೂಲಿಯ ಕೈಯಲ್ಲಿ! ಅಗೆದ ಅಳತೆಗೆ ಕೂಲಿ ಕೊಡುವಲ್ಲಿ ಮೆಲ್ಲಗೆ ಅಗೆದವನಿಗೆ ಆ ದಿನದ ಗಂಜಿಯೇ ಕಡಿಮೆ. ಪರೀಕ್ಷೆಯ ಗುಂಡಿಗಳನ್ನು ಗುತ್ತಿಗೆಯ ಪತ್ರದಲ್ಲೇ ಬೇರೆ ಕೆಲಸವೆಂದು ಕಾಣಿಸಿ, ಅದಕ್ಕೆ ದಿನಗೂಲಿ ಕೊಡಬೇಕೆಂಬುದು ನನ್ನ ಅಭಿಪ್ರಾಯ.